ರಸ್ತೆಯ ಈಚೆ ಒಂದು ಚರ್ಚು, ಆಚೆ ಒಂದು

ಅಮೆರಿಕದ ಮಿನ್ನೆಸೋಟ, ಅಯೋವ, ವಿಸ್ಕಾನ್ಸಿನ್, ಉತ್ತರ ಮತ್ತು ದಕ್ಷಿಣ ಡಕೋಟಗಳಲ್ಲಿ ನಾರ್ವೆಯಿಂದ ವಲಸೆ ಬಂದವರು ಕಟ್ಟಿಕೊಂಡ ಸಣ್ಣ ಸಣ್ಣ ಊರುಗಳಿವೆ. ಸಾವಿರ ಜನರೂ ಇರದ ಊರಿನಲ್ಲಿ ಒಂದು ಕಾಲಕ್ಕೆ ಲೂಥರನ್ ಚರ್ಚು ಎರಡು, ಒಮ್ಮೊಮ್ಮೆ ಮೂರು. ಕೆಲವು ಕಡೆ ಎರಡೂ ಎದುರುಬದುರು. ಎರಡೂ ಬಿಳಿ ಬಣ್ಣ ಬಳಿದ ಮರದ ಕಟ್ಟಡ, ಎರಡಕ್ಕೂ ಒಂದೊಂದು ಗೋಪುರ, ಒಂದೊಂದು ಗಂಟೆ. ಒಳಗೆ ಕೂರುವವರು ದಾಯಾದಿಗಳು, ಬೀಗರು, ಪಕ್ಕದ ಹೊಲದವರು. ಮಕ್ಕಳು ಬಾಯಿಪಾಠ ಮಾಡುತ್ತಿದ್ದುದು ಮಾರ್ಟಿನ್ ಲೂಥರನ ಅದೇ ಚಿಕ್ಕ ಪ್ರಶ್ನೋತ್ತರ. ಹಾಗಿದ್ದೂ ಸಭೆ, ಅಂದರೆ ಒಂದು ಚರ್ಚಿಗೆ ಸೇರಿದವರ ಬಳಗ, ಎರಡು, ಸಭಾಪಾಲಕರು ಇಬ್ಬರು, ಸ್ಮಶಾನ ಎರಡು.

ಇವತ್ತು ಅಂಥ ಊರುಗಳಲ್ಲಿ ಹೆಚ್ಚಾಗಿ ಸಿಗುವುದು ಒಂದೇ ಸಭೆ. ಅದು ಹೇಗಾಯಿತು ಎಂದು ಹುಡುಕಿದರೆ ಶತಮಾನೋತ್ಸವದ ಸ್ಮರಣ ಸಂಚಿಕೆಗಳು “1917ರ ಏಕೀಕರಣ” ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ಸಾಲು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 1917ರಲ್ಲಿ ಒಂದಾದದ್ದು ಸಿನಡ್‌ಗಳು, ಅಂದರೆ ಹಲವು ಊರುಗಳ ಸಭೆಗಳು ಸೇರಿದ ಮೇಲಿನ ಸಂಸ್ಥೆಗಳು. ಊರಿನ ಸಭೆಗಳು ಕೂಡಲು ಕೆಲವು ಕಡೆ ಕೆಲವೇ ವರ್ಷ ಸಾಕಾಯಿತು, ಕೆಲವು ಕಡೆ ಒಂದೆರಡು ತಲೆಮಾರೇ ಬೇಕಾಯಿತು. ಒಡೆದದ್ದು ದೇವಶಾಸ್ತ್ರದ ಮೇಲೆ. ಕೂಡಿದ್ದು ಪಾಲಕರ ಸಂಬಳ, ರಸ್ತೆ, ಭಾಷೆ ಮತ್ತು ಕಲ್ಲಿದ್ದಲಿನ ಖರ್ಚಿನ ಮೇಲೆ.

ಒಡಕಿನ ಮೊದಲ ಗೆರೆ ನಾರ್ವೆಯಲ್ಲೇ ಬಿದ್ದಿತ್ತು. ಹಾನ್ಸ್ ನೀಲ್ಸೆನ್ ಹೌಗೆ (1771–1824) ರೈತನ ಮಗ. ಪಾದ್ರಿ ದೀಕ್ಷೆ ಇಲ್ಲದೆ ಊರೂರು ತಿರುಗಿ ಬೋಧಿಸಿದ. ಪಾದ್ರಿಯ ಅಪ್ಪಣೆಯಿಲ್ಲದೆ ಧಾರ್ಮಿಕ ಕೂಟ ಸೇರಿಸಬಾರದೆಂಬ 1741ರ ಕಾಯಿದೆಯ ಹೆಸರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ. ಅವನ ಹಾದಿಯವರು ಅಮೆರಿಕಕ್ಕೆ ಬಂದು ಹೌಗೆ ಸಿನಡ್ ಕಟ್ಟಿಕೊಂಡರು. ಅವರಲ್ಲಿ ಸಭೆಯ ಸಾಮಾನ್ಯ ರೈತನೂ ಎದ್ದು ನಿಂತು ಪ್ರಾರ್ಥಿಸಬಹುದು, ಬೋಧಿಸಬಹುದು. ಪಾಲಕರು ನಿಲುವಂಗಿ ತೊಡುವುದಿಲ್ಲ, ಪೂಜಾಕ್ರಮವನ್ನು ರಾಗವಾಗಿ ಹಾಡುವುದಿಲ್ಲ. 1853ರಲ್ಲಿ ಹುಟ್ಟಿದ ನಾರ್ವೇಜಿಯನ್ ಸಿನಡ್ ಇದಕ್ಕೆ ತದ್ವಿರುದ್ಧ. ಅದರ ಪಾಲಕರು ವಿಶ್ವವಿದ್ಯಾಲಯದಲ್ಲಿ ಓದಿದವರು, ಕಪ್ಪು ನಿಲುವಂಗಿಯ ಮೇಲೆ ಗಂಜಿ ಹಾಕಿ ನೆರಿಗೆ ಹಿಡಿದ ಬಿಳಿ ಕತ್ತುಪಟ್ಟಿ ತೊಡುವವರು, ಆರಾಧನೆಯ ಭಾಗಗಳನ್ನು ಹಾಡಿಯೇ ನಡೆಸುವವರು.

ಇದಿಷ್ಟೇ ಆಗಿದ್ದರೆ ಊರಿಗೆ ಎರಡು ಬಗೆಯ ಚರ್ಚು ಇದ್ದದ್ದು ಸಹಜ ಅನ್ನಬಹುದಿತ್ತು. ನಿಜವಾಗಿ ಊರನ್ನು ಸೀಳಿದ್ದು 1880ರ ದಶಕದ ಜಗಳ. ದೇವರು ಯಾರನ್ನು ರಕ್ಷಣೆಗೆ ಆರಿಸಿಕೊಳ್ಳುತ್ತಾನೆ, ಏಕೆ? ಜರ್ಮನ್ ವಲಸಿಗರ ಮಿಸ್ಸೂರಿ ಸಿನಡ್‌ನ ಸಿ. ಎಫ್. ಡಬ್ಲ್ಯು. ವಾಲ್ಥರ್, ಅವರ ಜೊತೆ ನಿಂತ ನಾರ್ವೇಜಿಯನ್ ಸಿನಡ್‌ನ ಮುಖಂಡರು ಹೇಳಿದ್ದು: ಆಯ್ಕೆಗೆ ದೇವರ ಕರುಣೆ ಮತ್ತು ಕ್ರಿಸ್ತನ ಪುಣ್ಯ ಬಿಟ್ಟು ಬೇರೆ ಕಾರಣವೇ ಇಲ್ಲ, ನಂಬಿಕೆ ಆ ಆಯ್ಕೆಯ ಫಲ. ಎದುರು ಪಕ್ಷದ, ನಾರ್ವೇಜಿಯನ್ ಸಿನಡ್‌ನದೇ ಪ್ರಾಧ್ಯಾಪಕ ಎಫ್. ಎ. ಸ್ಮಿಟ್ ಮತ್ತು ಅವರ ಜೊತೆಯವರು ಹೇಳಿದ್ದು: ಯಾರು ನಂಬಿ ಕೊನೆಯವರೆಗೆ ನಿಲ್ಲುವರೆಂದು ದೇವರಿಗೆ ಅನಾದಿಯಿಂದ ಗೊತ್ತು, ಅದನ್ನು ಕಂಡೇ ಆರಿಸಿದ್ದಾನೆ. ಹೊರಗಿನವರಿಗೆ ಕೂದಲು ಸೀಳಿದಂತೆ ಕಾಣುವ ವ್ಯತ್ಯಾಸ. ಆದರೆ ಆ ರೈತರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ದೃಢೀಕರಣಕ್ಕೆ, ಅಂದರೆ ಬೆಳೆದ ಮಕ್ಕಳು ಸಭೆಯೆದುರು ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿಗೆ, ಮುಂಚೆ ಪ್ರತಿಯೊಬ್ಬರೂ ಲೂಥರನ ಚಿಕ್ಕ ಪ್ರಶ್ನೋತ್ತರಕ್ಕೆ ಎರಿಕ್ ಪೊಂಟೊಪ್ಪಿಡಾನ್ 1737ರಲ್ಲಿ ಬರೆದ ವಿವರಣೆಯನ್ನು ಉರು ಹೊಡೆದಿರುತ್ತಿದ್ದರು. ಅದರಲ್ಲಿ 759 ಪ್ರಶ್ನೆಗಳು. 548ನೆಯ ಪ್ರಶ್ನೆಯ ಉತ್ತರ ಎರಡನೆಯ ಪಕ್ಷದ ಮಾತನ್ನೇ ಹೇಳುತ್ತದೆ. ಹದಿನಾಲ್ಕನೆಯ ವಯಸ್ಸಿಗೆ ಸಭೆಯೆದುರು ನಿಂತು ಒಪ್ಪಿಸಿದ ಪಾಠವನ್ನು ಈಗ ಪಾಲಕರೇ ತಪ್ಪು ಎನ್ನುತ್ತಿದ್ದಾರೆ ಎಂದು ಕೇಳಿದರೆ ಯಾರಿಗೆ ತಾನೆ ಸಿಟ್ಟು ಬಾರದು? ಈ ಜಗಳದಲ್ಲಿ ಅಕ್ಷರ ಬಲ್ಲ ರೈತನ ಸ್ವಾಭಿಮಾನದ ಪಾಲು ದೊಡ್ಡದು, ಅದನ್ನು ಬರೀ ಹಟ ಎಂದು ತಳ್ಳಿಹಾಕುವುದು ಸರಿಯಲ್ಲ.

1887ರ ಹೊತ್ತಿಗೆ ನಾರ್ವೇಜಿಯನ್ ಸಿನಡ್‌ನ ಸುಮಾರು ಮೂರನೆಯ ಒಂದು ಪಾಲು ಹೊರಬಿತ್ತು. ಮಿಸ್ಸೂರಿ ವಿರೋಧಿ ಬಳಗ ಎಂದು ಕರೆಸಿಕೊಂಡ ಈ ಜನ 1890ರಲ್ಲಿ ಇನ್ನೆರಡು ಗುಂಪುಗಳ ಜೊತೆ ಸೇರಿ ಯುನೈಟೆಡ್ ಚರ್ಚ್ ಕಟ್ಟಿದರು. ಊರ ಮಟ್ಟದಲ್ಲಿ ಇದರ ಅರ್ಥ ಸರಳ. ಸಭೆಯ ಮಹಾಸಭೆಯಲ್ಲಿ ಮತ ಬೀಳುತ್ತದೆ. ಬಹುಮತದವರು ಕಟ್ಟಡ ಉಳಿಸಿಕೊಳ್ಳುತ್ತಾರೆ. ಸೋತವರು ಎದ್ದು ಹೋಗಿ ಸಮೀಪದಲ್ಲೇ ನಿವೇಶನ ಹಿಡಿದು ಹೊಸದು ಕಟ್ಟುತ್ತಾರೆ. ಸಮೀಪವೇ ಏಕೆಂದರೆ ಅವರ ಹೊಲ, ಅಂಗಡಿ, ಸತ್ತವರು ಎಲ್ಲ ಇರುವುದು ಅಲ್ಲೇ. ಎದುರುಬದುರು ಚರ್ಚುಗಳ ರಹಸ್ಯ ಇಷ್ಟೇ.

ಮೇಲಿನವರ ರಾಜಿ 1912ರ ಫೆಬ್ರವರಿ 22ರಂದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಆಯಿತು. ಎರಡೂ ವಿವರಣೆಗಳನ್ನು, ಅಂದರೆ ಮೊದಲ ಪಕ್ಷ ಆಧಾರವಾಗಿ ಹಿಡಿದ, ಲೂಥರನರ ನಂಬಿಕೆಯ ಹಳೆಯ ಹೇಳಿಕೆಯಾದ ‘ಸಮ್ಮತಿ ಸೂತ್ರ’ದ 11ನೆಯ ಅಧ್ಯಾಯದ ಮಾತನ್ನೂ ಪೊಂಟೊಪ್ಪಿಡಾನ್‌ನ 548ನೆಯ ಉತ್ತರವನ್ನೂ, ಒಪ್ಪಬಹುದು ಎಂಬುದು ಅದರ ಸಾರ. 1917ರ ಜೂನ್ 9ರಂದು ಸೇಂಟ್ ಪಾಲ್ ನಗರದಲ್ಲಿ ಹೌಗೆ ಸಿನಡ್, ನಾರ್ವೇಜಿಯನ್ ಸಿನಡ್, ಯುನೈಟೆಡ್ ಚರ್ಚ್ ಮೂರೂ ಸೇರಿ ನಾರ್ವೇಜಿಯನ್ ಲೂಥರನ್ ಚರ್ಚ್ ಆಫ್ ಅಮೆರಿಕ ಆಯಿತು. ಅಧ್ಯಕ್ಷರಾದವರು ಸಿನಡ್ ಪಕ್ಷದ ಎಚ್. ಜಿ. ಸ್ಟುಬ್. ಒಪ್ಪದ ಸಣ್ಣ ಗುಂಪೊಂದು ಮರುವರ್ಷ ಅಯೋವದ ಲೈಮ್ ಕ್ರೀಕ್‌ನಲ್ಲಿ ಸೇರಿ ತನ್ನದೇ ಸಿನಡ್ ಮಾಡಿಕೊಂಡಿತು. 1897ರಿಂದ ಪ್ರತ್ಯೇಕವಾಗಿದ್ದ ಲೂಥರನ್ ಫ್ರೀ ಚರ್ಚ್ ಕೂಡ ಹೊರಗೇ ಉಳಿಯಿತು. ಹಾಗಾಗಿ ಕೆಲವು ಊರುಗಳಲ್ಲಿ ಎರಡು ಸಭೆ ಒಂದಾದ ಮೇಲೂ ಚರ್ಚು ಎರಡೇ ಉಳಿದವು, ಬೇರೆ ಎರಡು.

ಇನ್ನು ಊರಿನ ಕಡೆ ಬರೋಣ. ದೊಡ್ಡ ತೊಡಕು ಇದ್ದದ್ದು ಪಾಸ್ಟರೇಟಿನ, ಅಂದರೆ ಒಬ್ಬ ಪಾಲಕರು ನೋಡಿಕೊಳ್ಳುವ ಸಭೆಗಳ ಗುಂಪಿನ, ನಕ್ಷೆಯಲ್ಲಿ. ಊರಿನ ಒಂದು ಸಭೆಗೆ ಒಬ್ಬ ಪಾಲಕರು ಎಂಬ ಲೆಕ್ಕ ಆಗ ಅಪರೂಪ. ಒಬ್ಬರು ಪೇಟೆಯ ಒಂದು ಸಭೆ, ಸುತ್ತಲಿನ ಎರಡು ಮೂರು ಹಳ್ಳಿ ಸಭೆಗಳನ್ನು ನೋಡಿಕೊಳ್ಳುತ್ತಿದ್ದರು. ಪಾಲಕರ ಮನೆ ಪೇಟೆಯಲ್ಲಿ. ಸಂಬಳವನ್ನು ಸಭೆಗಳು ಪಾಲು ಹಾಕಿ ಕೊಡುತ್ತಿದ್ದವು. ಜೊತೆಗೆ ಕ್ರಿಸ್ಮಸ್, ಈಸ್ಟರ್, ಪೆಂಟೆಕೊಸ್ಟ್ ಹಬ್ಬಗಳ ಕಾಣಿಕೆ, ದೀಕ್ಷಾಸ್ನಾನ ಮತ್ತು ಮದುವೆಗಳ ಗೌರವಧನ. ಪೇಟೆಯ ಪಾಲು ಅರ್ಧ, ಎರಡು ಹಳ್ಳಿಗಳದು ಕಾಲು ಕಾಲು ಎಂದಿಟ್ಟುಕೊಳ್ಳಿ. ರಸ್ತೆಯಾಚೆಯ ಸಭೆಯದೂ ಇದೇ ಲೆಕ್ಕ, ಅವರ ಹಳ್ಳಿಗಳು ಮಾತ್ರ ಬೇರೆ, ದಾರಿ ಒಂದೇ. ಭಾನುವಾರ ಬೆಳಿಗ್ಗೆ ಇಬ್ಬರು ಪಾಲಕರ ಕುದುರೆ ಗಾಡಿಗಳು ಒಂದೇ ರಸ್ತೆಯಲ್ಲಿ ಹೋಗುತ್ತಿದ್ದವು.

ಈಗ ಪೇಟೆಯ ಎರಡು ಸಭೆ ಒಂದಾದರೆ ಏನಾಗುತ್ತದೆ? ಒಂದು ಪಾಸ್ಟರೇಟಿನ ಸಂಬಳದಲ್ಲಿ ಅರ್ಧ ಮಾಯ. ಆ ಕಡೆಯ ಎರಡು ಹಳ್ಳಿ ಸಭೆಗಳಿಗೆ ಪಾಲಕರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಅವು ಹೊಸ ಸಭೆಯ ಜೊತೆ ಸೇರಿದರೆ ಒಬ್ಬರ ಕೈಗೆ ಐದು ಕಡೆ ಕೆಲಸ. ಪ್ರತಿ ಹಳ್ಳಿಯಲ್ಲೂ ಆರಾಧನೆ ಎರಡು ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ. ಪೇಟೆಯವರ ಮಹಾಸಭೆಯಲ್ಲಿ ಒಂದಾಗುವ ಠರಾವು ಪಾಸಾದರೂ ಕೆಲಸ ನಿಂತುಹೋಗುತ್ತಿದ್ದುದು ಇದರಿಂದ: ತಡೆಯುತ್ತಿದ್ದವರು ಆ ಮಹಾಸಭೆಯಲ್ಲಿ ಇರದ ಹಳ್ಳಿಯವರು. ಇಬ್ಬರು ಪಾಲಕರಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂಬ ಪ್ರಶ್ನೆ ಇದರ ಜೊತೆಗೆ. ಆದ್ದರಿಂದ ವಿಲೀನದ ದಿನಾಂಕಗಳನ್ನು ಪಾಲಕರ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ಒಬ್ಬರು ಬೇರೆ ಊರಿನ ಸಭೆಯ ಕರೆ ಒಪ್ಪಿ ಹೋದ, ನಿವೃತ್ತರಾದ ಅಥವಾ ತೀರಿಕೊಂಡ ವರ್ಷದಲ್ಲೋ ಮರುವರ್ಷದಲ್ಲೋ ವಿಲೀನ ಬೀಳುವುದು ಮತ್ತೆ ಮತ್ತೆ ಕಾಣುತ್ತದೆ. ಖಾಲಿಯಾದ ಜಾಗಕ್ಕೆ ಹೊಸಬರನ್ನು ಕರೆಯುವ ಮುಂಚೆ ಆರು ತಿಂಗಳು ಎದುರಿನ ಪಾಲಕರೇ ಎರಡೂ ಕಡೆ ನೋಡಿಕೊಳ್ಳಲಿ ಎಂಬ ತಾತ್ಕಾಲಿಕ ಏರ್ಪಾಡು, ಯಾರೂ ಗಮನಿಸದ ಹಾಗೆ, ಕಾಯಂ ಆಗುತ್ತಿತ್ತು.

ರಸ್ತೆ ಮತ್ತು ಮೋಟಾರು ಕಾರು ಈ ನಕ್ಷೆಯನ್ನು ಸಡಿಲಿಸಿದವು. ಹತ್ತು ಮೈಲಿ ದೂರದ ಹಳ್ಳಿಯವರೇ ಪೇಟೆಗೆ ಬರುವಂತಾದಾಗ ಐದು ಕಡೆಯ ಕೆಲಸ ಮೂರಕ್ಕಿಳಿಯಿತು. 1930ರ ದಶಕದ ಮಹಾಕುಸಿತ ಉಳಿದದ್ದನ್ನು ಮಾಡಿತು. ಸಂಬಳ ಬಾಕಿ ಬಿತ್ತು. ಎರಡು ಕಟ್ಟಡಗಳ ನೆಲಮಾಳಿಗೆಯಲ್ಲಿ ಎರಡು ಕಲ್ಲಿದ್ದಲಿನ ಕುಲುಮೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಭಾನುವಾರದ ಆರಾಧನೆಗೆ ಶನಿವಾರ ರಾತ್ರಿಯೇ ಬೆಂಕಿ ಹಾಕಬೇಕು. ಜನವರಿಯಿಂದ ಮಾರ್ಚ್‌ವರೆಗೆ ಒಂದೇ ಕಟ್ಟಡದಲ್ಲಿ ಆರಾಧನೆ ಮಾಡೋಣ ಎಂಬ ಠರಾವಿನಿಂದ ಶುರುವಾದ ವಿಲೀನಕ್ಕೆ ದೇವಶಾಸ್ತ್ರದ ಚರ್ಚೆಯೇ ಬೇಕಾಗಲಿಲ್ಲ.

ಭಾಷೆಯ ಕಥೆ ಬೇರೆ. ಮೊದಲ ಮಹಾಯುದ್ಧದ ಕಾಲದಲ್ಲಿ ವಿದೇಶಿ ಭಾಷೆಗಳೆಲ್ಲ ಅನುಮಾನಕ್ಕೆ ಒಳಗಾದವು. ಅಯೋವದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಹೊರಡಿಸಿದ ಘೋಷಣೆ ಶಾಲೆ, ಸಾರ್ವಜನಿಕ ಜಾಗ, ಟೆಲಿಫೋನು ಮಾತ್ರವಲ್ಲ, ಚರ್ಚಿನೊಳಗೂ ಇಂಗ್ಲಿಷೇ ಇರಬೇಕೆಂದಿತು. ಒತ್ತಡ ಹೊರಗಿನಿಂದ ಬಂದದ್ದು ನಿಜ, ಆದರೆ ಅಷ್ಟರಲ್ಲಿ ಮನೆಯ ಮಕ್ಕಳೇ ಇಂಗ್ಲಿಷಿಗೆ ಹೊರಳಿದ್ದರು. ಒಂದು ಸಭೆ ಬೇಗ ಇಂಗ್ಲಿಷಿಗೆ ಹೋಗಿ, ಇನ್ನೊಂದು ನಾರ್ವೇಜಿಯನ್ ಹಿಡಿದುಕೊಂಡಿದ್ದ ಊರುಗಳಲ್ಲಿ 548ನೆಯ ಪ್ರಶ್ನೆಯ ಜಗಳ ಮರೆತು ಹೊಸ ಜಗಳ ಎದ್ದಿತು. ವಿಲೀನದ ಕರಾರಿನಲ್ಲಿ “ತಿಂಗಳಿಗೆ ಒಂದು ಆರಾಧನೆ ನಾರ್ವೇಜಿಯನ್‌ನಲ್ಲಿ” ಎಂಬಂಥ ಷರತ್ತು ಸೇರಿದ್ದರೆ ಅದನ್ನು ಹಾಕಿಸಿದವರು ಮುದುಕರು. ಆ ಷರತ್ತು ಯಾವಾಗ ನಿಂತಿತು ಎಂದು ನಡಾವಳಿಯಲ್ಲಿ ಹುಡುಕಿದರೆ ಹೆಚ್ಚಿನ ಕಡೆ ಠರಾವೇ ಸಿಗುವುದಿಲ್ಲ. ಕೇಳುವವರು ತೀರಿಹೋದರು, ಅಷ್ಟೆ. ಮೇಲಿನ ಸಂಸ್ಥೆಯ ಹೆಸರಿನಿಂದ ‘ನಾರ್ವೇಜಿಯನ್’ ಪದ ಹೋಗಲು 1946ರವರೆಗೆ ಕಾಯಬೇಕಾಯಿತು.

ಕಾಗದದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪುಗಳು ಬಹಳ ವರ್ಷದ ಮೇಲೆ ಹೊರಬರುವುದು ಇಲ್ಲೇ. ಪ್ರತಿ ಸಭೆಯೂ ರಾಜ್ಯದ ಕಾನೂನಿನಡಿ ಒಂದು ನಿಗಮ. ಮಿನ್ನೆಸೋಟದಲ್ಲಿ ಧಾರ್ಮಿಕ ನಿಗಮಗಳಿಗೆಂದೇ ಕಾನೂನಿನ 315ನೆಯ ಅಧ್ಯಾಯವಿದೆ. ಹಳೆಯ ಸಭೆಗಳ ಪ್ರಮಾಣಪತ್ರ ದಾಖಲಾಗಿರುವುದು ಕೌಂಟಿಯ ದಸ್ತಾವೇಜು ಕಚೇರಿಯಲ್ಲಿ. ಕೂಡುವುದಕ್ಕೆ ಎರಡು ದಾರಿ. ಒಂದು ಸಭೆ ಇನ್ನೊಂದರೊಳಗೆ ಸೇರಿ ತಾನು ಇಲ್ಲವಾಗುವುದು ಒಂದು. ಎರಡೂ ಮುಗಿದು ಮೂರನೆಯದು ಹುಟ್ಟುವುದು ಇನ್ನೊಂದು. ಮೊದಲನೆಯದು ಅಗ್ಗ ಮತ್ತು ಸುಲಭ, ಆದರೆ “ನಾವು ಅವರಿಗೆ ಸೇರಿಕೊಂಡೆವು” ಎಂಬ ಮಾತು ಮೂರು ತಲೆಮಾರು ಉಳಿಯುತ್ತದೆ. ಎರಡನೆಯದಕ್ಕೆ ಹೊಸ ನಿಯಮಾವಳಿ, ಹೊಸ ಹೆಸರು, ಎಲ್ಲ ಆಸ್ತಿಯ ವರ್ಗಾವಣೆ ಬೇಕು. ಖರ್ಚು ಹೆಚ್ಚಾದರೂ ಎರಡನೆಯದೇ ಒಳ್ಳೆಯದು.

ಕ್ರಮ ಸಾಮಾನ್ಯವಾಗಿ ಹೀಗೆ. ಎರಡೂ ಕಡೆಯಿಂದ ಸಮಸಂಖ್ಯೆಯ ಸಮಿತಿ. ಆಸ್ತಿ, ಸಾಲ, ಸದಸ್ಯರ ಪಟ್ಟಿಗಳ ವಿನಿಮಯ. ಕರಾರಿನ ಕರಡು. ನಿಯಮಾವಳಿ ಹೇಳಿದಷ್ಟು ಭಾನುವಾರ ಮುಂಚಿತವಾಗಿ ಆರಾಧನೆಯಲ್ಲಿ ಓದಿ ತಿಳಿಸುವುದು. ಎರಡೂ ಸಭೆಗಳಲ್ಲಿ ಒಂದೇ ದಿನ, ಬೇರೆ ಬೇರೆಯಾಗಿ ಮತದಾನ. ಒಂದೇ ದಿನ ಏಕೆಂದರೆ ಒಂದರ ಫಲಿತಾಂಶ ಇನ್ನೊಂದಕ್ಕೆ ಮೊದಲೇ ಗೊತ್ತಾದರೆ ಸ್ವಾಭಿಮಾನದ ಮತಗಳು ಬೀಳುತ್ತವೆ. ಬರೀ ಬಹುಮತ ಸಾಕೋ ಮೂರನೆಯ ಎರಡು ಪಾಲು ಬೇಕೋ ಎಂಬುದು ಆಯಾ ನಿಯಮಾವಳಿಯ ಮೇಲಿತ್ತು. 51ಕ್ಕೆ 49ರಲ್ಲಿ ಗೆದ್ದು ಕೂಡಿದರೆ 49 ಜನರಲ್ಲಿ ಒಂದಷ್ಟು ಮಂದಿ ಪಕ್ಕದ ಊರಿಗೆ ಹೋಗುವುದು ಖಂಡಿತ. ಆಮೇಲೆ ವಿಲೀನದ ದಾಖಲೆಯ ನೋಂದಣಿ, ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರ, ಬ್ಯಾಂಕ್ ಖಾತೆ, ಬೆಂಕಿ ವಿಮೆ.

ತಪ್ಪುವುದು ಎಲ್ಲಿ? ಕ್ರಯಪತ್ರದಲ್ಲಿರುವ ಹೆಸರಿನಲ್ಲಿ. 1870ರ ದಶಕದ ಪತ್ರದಲ್ಲಿ ಸಭೆಯ ಹೆಸರು ಒಂದು ರೀತಿ, ನೋಂದಣಿಯಲ್ಲಿ ಇನ್ನೊಂದು ರೀತಿ. ಇಲ್ಲವೇ ಜಾಗ ಸಭೆಯ ಹೆಸರಿನಲ್ಲೇ ಇಲ್ಲ, ಆಗಿನ ಮೂವರು ಧರ್ಮದರ್ಶಿಗಳ ಹೆಸರಿನಲ್ಲಿದೆ. ಕಟ್ಟಡ ಮಾರಲು ಹೊರಟಾಗ ಸತ್ತ ಧರ್ಮದರ್ಶಿಗಳ ವಾರಸುದಾರರನ್ನು ಹುಡುಕಬೇಕು. ಎರಡನೆಯದು, ದಾನಪತ್ರದ ಷರತ್ತು: ಈ ಜಾಗದಲ್ಲಿ ಆರಾಧನೆ ನಿಂತರೆ ಜಮೀನು ದಾನಿಯ ಮನೆತನಕ್ಕೆ ವಾಪಸ್. ಮೂರನೆಯದು ವಿಲ್. ಯಾರೋ ಒಬ್ಬರು ತಮ್ಮ ಸಭೆಗೆಂದು ಹೆಸರು ಹೇಳಿ ಬರೆದಿಟ್ಟ ಹಣ ಆ ಸಭೆ ಇಲ್ಲವಾದ ಮೇಲೆ ಕೈಗೆ ಬರುತ್ತದೆ. ಹೊಸ ಸಭೆ ಹಳೆಯದರ ಉತ್ತರಾಧಿಕಾರಿ ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ದೂರದ ನೆಂಟರು ಕೋರ್ಟಿಗೆ ಹೋಗಬಹುದು. ಸ್ಮಶಾನದ್ದು ಇನ್ನೂ ಸೂಕ್ಷ್ಮ. ಅದರ ನಿಧಿಯನ್ನು ಸಭೆಯ ಸಾಮಾನ್ಯ ಖಾತೆಗೆ ಬೆರೆಸಿದರೆ ಹತ್ತು ವರ್ಷದಲ್ಲಿ ಚಾವಣಿ ದುರಸ್ತಿಗೆ ಕರಗಿಹೋಗುತ್ತದೆ, ಹುಲ್ಲು ಕತ್ತರಿಸಲು ಕಾಸಿರುವುದಿಲ್ಲ. ಬುದ್ಧಿವಂತ ಸಮಿತಿಗಳು ವಿಲೀನಕ್ಕೆ ಮುಂಚೆಯೇ ಸ್ಮಶಾನವನ್ನು ಪ್ರತ್ಯೇಕ ಸಂಘವಾಗಿ ನೋಂದಾಯಿಸಿಬಿಡುತ್ತಿದ್ದವು.

ಕಟ್ಟಡದೊಳಗಿನ ವಸ್ತುಗಳು ಕಾಗದಕ್ಕಿಂತ ಹೆಚ್ಚು ತಲೆನೋವು. ಎರಡೂ ಕಡೆ ಯಜ್ಞವೇದಿಯ ಹಿಂದೆ ತೈಲಚಿತ್ರ: ಗೆತ್ಸೇಮನೆಯ ಯೇಸು, ಮುಳುಗುತ್ತಿರುವ ಪೇತ್ರ, ಖಾಲಿ ಸಮಾಧಿಯ ಮುಂದಿನ ಸ್ತ್ರೀಯರು. ಹರ್ಬ್ಯೋರ್ನ್ ಗೌಸ್ತ (1854–1924) ಎಂಬ ಚಿತ್ರಕಾರ ಇಂಥ ನೂರಾರು ಚಿತ್ರಗಳನ್ನು ಬರೆದುಕೊಟ್ಟಿದ್ದಾರೆ. ಒಂದು ವೇದಿಗೆ ಒಂದೇ ಚಿತ್ರ. ಇನ್ನೊಂದು ನೆಲಮಾಳಿಗೆಯ ಭಾನುವಾರದ ಶಾಲೆಗೆ ಹೋಗುತ್ತದೆ. ಅಲ್ಲಿಯ ತೇವ ಮತ್ತು ಕುಲುಮೆಯ ಮಸಿಗೆ ಬಣ್ಣ ಚಕ್ಕೆಯೇಳುತ್ತದೆ. ಕೊಟ್ಟವರ ಮೊಮ್ಮಕ್ಕಳು ಅದನ್ನು ನೋಡುತ್ತಲೇ ಇರುತ್ತಾರೆ. ಗಂಟೆಯದು ಭಾರದ ಪ್ರಶ್ನೆ. ಮೂರಡಿ ಅಗಲದ ಗಂಟೆ, ನೊಗ ಮತ್ತು ಚಕ್ರ ಸೇರಿ, ಸುಮಾರು ಸಾವಿರ ಪೌಂಡ್ ತೂಗುತ್ತದೆ, ಮೇಲಾಗಿ ತೂಗಾಡುತ್ತದೆ. ಮರದ ಗೋಪುರ ಒಂದನ್ನು ತಾಳುವ ಹಾಗೆ ಕಟ್ಟಿದ್ದು, ಎರಡನ್ನಲ್ಲ. ಹಾಗಾಗಿ ಎರಡನೆಯದು ಹೊರಗೆ ಇಟ್ಟಿಗೆ ಕಟ್ಟೆಯ ಮೇಲೆ, ಇಲ್ಲವೇ ಸ್ಮಶಾನದ ಬಾಗಿಲಲ್ಲಿ.

ಹಾಡಿನ ಪುಸ್ತಕ ಮಾತ್ರ ತೊಂದರೆ ಕೊಡಲಿಲ್ಲ. ಮೂರೂ ಪಂಗಡದವರು ಒಟ್ಟಿಗೆ ಸಿದ್ಧಪಡಿಸಿದ ಇಂಗ್ಲಿಷ್ ಕೀರ್ತನೆಗಳ ಪುಸ್ತಕ 1913ರಲ್ಲೇ, ಏಕೀಕರಣಕ್ಕೆ ನಾಲ್ಕು ವರ್ಷ ಮುಂಚೆ, ಬಂದಿತ್ತು. ಹಾಡುವ ಕ್ರಮದಲ್ಲಿ ಜಗಳ ಇತ್ತು. ಹೌಗೆ ಕಡೆಯವರಿಗೆ ಕತ್ತುಪಟ್ಟಿ, ರಾಗದ ಪ್ರಾರ್ಥನೆ ಎಂದರೆ ಮುಜುಗರ. ಸಿನಡ್ ಕಡೆಯವರಿಗೆ ಕೋಟು ತೊಟ್ಟ ಪಾಲಕರು ಅಂಗಡಿಯವರ ಹಾಗೆ ಕಾಣುತ್ತಿದ್ದರು. ಭಾನುವಾರ ಬೆಳಿಗ್ಗೆ ನಿಲುವಂಗಿ, ಬುಧವಾರದ ಪ್ರಾರ್ಥನಾ ಕೂಟಕ್ಕೆ ಕೋಟು ಎಂಬ ರಾಜಿ ಚೆನ್ನಾಗಿ ಕೆಲಸ ಮಾಡಿತು.

ಸ್ತ್ರೀಯರ ಸಂಘಗಳ ವಿಷಯ ಈ ಚರಿತ್ರೆಗಳಲ್ಲಿ ಕೊನೆಯ ಪುಟಕ್ಕೆ ಹೋಗುತ್ತದೆ. ಅದು ತಪ್ಪು. ಬಹಳ ಸಭೆಗಳಲ್ಲಿ ಇಪ್ಪತ್ತನೆಯ ಶತಮಾನ ಸಾಕಷ್ಟು ಕಳೆಯುವವರೆಗೆ ಹೆಂಗಸರಿಗೆ ಮತವಿರಲಿಲ್ಲ. ಆದರೆ ಹೊಲಿಗೆ, ಹರಾಜು, ಲುಟೆಫಿಸ್ಕ್ ಎಂಬ ನಾರ್ವೆಯ ಮೀನಿನೂಟದ ಟಿಕೆಟ್‌ಗಳಿಂದ ಹಣ ಕೂಡಿಸಿ ಆರ್ಗನ್, ಗಂಟೆ, ಕುಲುಮೆ ಕೊಂಡವರು ಅವರೇ. ಅವರ ಖಾತೆ ಬೇರೆ, ಖಜಾಂಚಿ ಬೇರೆ. ಗಂಡಸರು ಮತ ಹಾಕಿ ಸಭೆ ಒಂದು ಮಾಡಿದ ಮೇಲೂ ಸ್ತ್ರೀಯರ ಸಂಘಗಳು ಎರಡಾಗಿಯೇ, ವಾರದ ಬೇರೆ ಬೇರೆ ದಿನ ಸೇರುತ್ತಾ ವರ್ಷಗಟ್ಟಲೆ ನಡೆದದ್ದುಂಟು. ಅಡುಗೆಮನೆ ಒಂದೇ, ಪಾತ್ರೆಯ ಬೀರು ಎರಡು, ಎರಡಕ್ಕೂ ಬೀಗ. ಆ ಎರಡು ಖಾತೆ ಯಾವ ವರ್ಷ ಒಂದಾಯಿತೋ ಅದೇ ಆ ಊರಿನ ನಿಜವಾದ ವಿಲೀನದ ವರ್ಷ ಎಂದು ಹಿಡಿದರೆ ಬಹುಶಃ ಹೆಚ್ಚು ತಪ್ಪಾಗದು.

ಮೊದಲು ಕೂಡಿಸಬೇಕಾದ್ದು ದೃಢೀಕರಣದ ತರಗತಿ. ಈ ಮಕ್ಕಳು ಹಗಲೆಲ್ಲ ಒಂದೇ ಶಾಲೆಯಲ್ಲಿ ಕೂತವರು. ಶನಿವಾರ ಮಾತ್ರ ರಸ್ತೆಯ ಎರಡು ಬದಿಗೆ ಹೋಗುವುದು ಅವರಿಗೆ ಅರ್ಥವಿಲ್ಲದ್ದು. ಒಟ್ಟಿಗೆ ದೃಢೀಕರಣಗೊಂಡವರು ಹತ್ತು ವರ್ಷದಲ್ಲಿ ಮದುವೆಯಾಗಿ, ಸಮಿತಿಗಳಿಗೆ ಬರುವ ವಯಸ್ಸಿನವರಾಗುತ್ತಾರೆ. ಕಟ್ಟಡದಿಂದ ಶುರು ಮಾಡಿದ ವಿಲೀನಗಳು ಕಟ್ಟಡದ ಮೇಲೇ ಮುರಿದುಬೀಳುತ್ತಿದ್ದವು. ಸಿಡಿಲು ಬಡಿದು ಒಂದು ಚರ್ಚು ಸುಟ್ಟುಹೋದ ಊರುಗಳಲ್ಲಿ ಮಾತ್ರ ಈ ಪ್ರಶ್ನೆ ತಾನಾಗಿ ಬಗೆಹರಿಯುತ್ತಿತ್ತು, ಅದೂ ವಿಮೆ ಹಣ ಬರುವ ಮುಂಚೆ ಎದುರಿನವರು ಬಾಗಿಲು ತೆರೆದರೆ.

ಇಂಥ ಚರಿತ್ರೆ ಬರೆಯಲು ಕೂರುವವರಿಗೆ ಸಿಗುವುದು ಎರಡು ನಡಾವಳಿ ಪುಸ್ತಕ, ಎರಡು ಪಾಲಕರ ದಫ್ತರ. ಹಳೆಯ ಭಾಗ ಗಾಥಿಕ್ ಕೈಬರಹದ ಡ್ಯಾನಿಷ್–ನಾರ್ವೇಜಿಯನ್; ನಡುವೆ ಎಲ್ಲೋ ಕಾರ್ಯದರ್ಶಿ ಬದಲಾದ ವರ್ಷ ಇಂಗ್ಲಿಷ್ ಶುರು. “ಸರ್ವಾನುಮತದಿಂದ” ಎಂದು ಬರೆದಲ್ಲಿ ಹಾಜರಾತಿ ನೋಡಬೇಕು. ಎಂಬತ್ತು ಮತದಾರರ ಸಭೆಯಲ್ಲಿ ಇಪ್ಪತ್ತೆರಡು ಜನರ ಸರ್ವಾನುಮತ ಎಂದರೆ ವಿರೋಧಿಗಳು ಬರಲಿಲ್ಲ ಎಂದರ್ಥ. ಆ ನಂತರದ ಮೂರು ವರ್ಷದ ಕಾಣಿಕೆ ಖಾತೆಯಲ್ಲಿ ಯಾವ ಹೆಸರುಗಳು ಕಾಣೆಯಾದವು ಎಂದು ಹುಡುಕಿದರೆ ಉಳಿದದ್ದು ತಿಳಿಯುತ್ತದೆ. ದೀಕ್ಷಾಸ್ನಾನ, ಮದುವೆ, ಮರಣಗಳ ದಫ್ತರಗಳನ್ನು ಒಂದರೊಳಗೆ ಇನ್ನೊಂದನ್ನು ನಕಲು ಮಾಡಲು ಹೋಗಬಾರದು. ನಕಲಿನಲ್ಲಿ ತೋಟದ ಹೆಸರುಗಳೂ ತಂದೆಯ ಹೆಸರಿನಿಂದ ಬಂದ ಅಡ್ಡಹೆಸರುಗಳೂ ಬೆರೆತುಹೋಗಿ, ಓಲೆ ಎಂಬ ಹೆಸರಿನ ಒಬ್ಬನೇ ಮನುಷ್ಯ ಮೂರು ಜನವಾಗುತ್ತಾನೆ. ಎರಡನ್ನೂ ಹಾಗೆಯೇ ಮುಚ್ಚಿ, ಕೊನೆಯ ನಮೂದಿನ ಕೆಳಗೆ ದಿನಾಂಕ ಹಾಕಿ, ಹೊಸ ಸಭೆಗೆ ಹೊಸ ದಫ್ತರ ತೆರೆಯುವುದು ಸರಿಯಾದ ಕ್ರಮ. 1988ರ ಜನವರಿ 1ರಿಂದ ಈ ಸಭೆಗಳಲ್ಲಿ ಬಹುಪಾಲು ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕದೊಳಗೆ ಬಂದವು. ಅದರ ದಾಖಲೆಗಳ ಭಂಡಾರ ಇಲಿನಾಯ್‌ನ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿದೆ. ಅಲ್ಲಿ ಅಥವಾ ಊರಿನ ಕಪಾಟಿನಲ್ಲಿ ಒಬ್ಬರ ದೀಕ್ಷಾಸ್ನಾನ ಹುಡುಕುವವರು ಎರಡೂ ಸಭೆಗಳ ಹಳೆಯ ಹೆಸರು ಕೇಳಿ ತಿಳಿದುಕೊಂಡು ಹೋಗಬೇಕು. 1885ರಿಂದ 1890ರ ನಡುವಿನವರಾದರೆ ಎರಡು ದಫ್ತರವನ್ನೂ ನೋಡಬೇಕು, ಏಕೆಂದರೆ ಆ ವರ್ಷಗಳಲ್ಲಿ ಹಿರಿಯ ಮಗು ಒಂದು ಪುಸ್ತಕದಲ್ಲಿ, ಕಿರಿಯದು ಇನ್ನೊಂದರಲ್ಲಿ ಇರಬಹುದು.